ಡೇಟ್‌ಲೈನ್‌ನಲ್ಲಿ ಯಾವ ಊರು?

ಸುದ್ದಿಯ ಶೀರ್ಷಿಕೆ ಮುಗಿದ ಮೇಲೆ, ಮೊದಲ ವಾಕ್ಯ ಶುರುವಾಗುವುದಕ್ಕೆ ಮುನ್ನ ದಪ್ಪಕ್ಷರದಲ್ಲಿ ಒಂದು ಊರಿನ ಹೆಸರಿರುತ್ತದೆ. ‘ಗದಗ:’ ಎಂದೋ, ‘ಹುಬ್ಬಳ್ಳಿ:’ ಎಂದೋ, ‘ಬ್ಯಾಡಗಿ (ಹಾವೇರಿ ಜಿಲ್ಲೆ):’ ಎಂದೋ. ಪತ್ರಿಕಾ ಕಚೇರಿಗಳಲ್ಲಿ ಇದನ್ನು ಡೇಟ್‌ಲೈನ್ ಎನ್ನುತ್ತೇವೆ. ಬಹಳಷ್ಟು ಓದುಗರು ಅದನ್ನು ದಾಟಿಕೊಂಡು ನೇರವಾಗಿ ಸುದ್ದಿಗೆ ಹೋಗುತ್ತಾರೆ. ನಾನು ಮೊದಲು ನರಗುಂದದಲ್ಲಿ ತಾಲ್ಲೂಕು ವರದಿಗಾರನಾಗಿದ್ದೆ, ಆಮೇಲೆ ಹುಬ್ಬಳ್ಳಿಯ ಡೆಸ್ಕ್‌ಗೆ (ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗಕ್ಕೆ) ಬಂದು ಉಪಸಂಪಾದಕನಾದೆ. ಎರಡೂ ಕಡೆ ನಾನು ಹೆಚ್ಚು ವಾದ ಮಾಡಿದ್ದು ಈ ಒಂದು ಪದದ ಸಲುವಾಗಿ. ಯಾಕೆಂದರೆ ಅಲ್ಲಿ ಊರಿನ ಹೆಸರು ಹಾಕುವುದೆಂದರೆ, ‘ನಮ್ಮ ವರದಿಗಾರ ಅಲ್ಲಿದ್ದ, ಅಲ್ಲಿಂದಲೇ ಈ ಸುದ್ದಿ ತಂದಿದ್ದಾನೆ’ ಎಂದು ಓದುಗನಿಗೆ ಮಾತು ಕೊಡುವುದು. ಇದನ್ನು ಅಲಂಕಾರವೆಂದು ತಿಳಿದವರ ಜೊತೆ ನನಗೆ ರಾಜಿಯಿಲ್ಲ.

ಹೆಸರು ಡೇಟ್‌ಲೈನ್ ಆದರೂ ಈಗಿನ ಬಹುತೇಕ ಕನ್ನಡ ಪತ್ರಿಕೆಗಳಲ್ಲಿ ಅದರೊಳಗೆ ದಿನಾಂಕವಿಲ್ಲ. ಹಿಂದೆ ಇರುತ್ತಿತ್ತು. ‘ನರಗುಂದ, ಆ. 9:’ ಎಂದು ಊರು, ತಿಂಗಳು, ತಾರೀಖು ಮೂರನ್ನೂ ಬರೆದೇ ಸುದ್ದಿ ಶುರು ಮಾಡುತ್ತಿದ್ದೆವು. ಅದಕ್ಕೆ ಕಾರಣ ಸಾಗಣೆ. ಫ್ಯಾಕ್ಸ್, ಇ-ಮೇಲ್ ಬರುವುದಕ್ಕೆ ಮುಂಚೆ ತಾಲ್ಲೂಕು ವರದಿಗಾರ ಕೈಯಲ್ಲಿ ಬರೆದ ಸುದ್ದಿಯನ್ನು, ಫೋಟೊ ಇದ್ದರೆ ಫಿಲ್ಮ್ ರೋಲನ್ನೂ ಸೇರಿಸಿ, ಪಾಕೀಟಿನಲ್ಲಿ ಹಾಕಿ ಹುಬ್ಬಳ್ಳಿಗೆ ಹೊರಟ ಬಸ್ಸಿನ ಚಾಲಕನ ಕೈಗೆ ಕೊಡುತ್ತಿದ್ದ. ಕಚೇರಿಯ ಹುಡುಗ ಬಸ್ ನಿಲ್ದಾಣಕ್ಕೆ ಹೋಗಿ ಅದನ್ನು ತರುತ್ತಿದ್ದ. ಸಂಜೆಯ ಬಸ್ ತಪ್ಪಿದರೆ ಪಾಕೀಟು ಮರುದಿನ ಬರುತ್ತಿತ್ತು, ಸುದ್ದಿ ಅದರ ಮರುದಿನ ಅಚ್ಚಾಗುತ್ತಿತ್ತು. ಒಂದೇ ಪುಟದಲ್ಲಿ ನಿನ್ನೆಯ ಗದಗ, ಮೊನ್ನೆಯ ಹಾನಗಲ್, ಅದಕ್ಕೂ ಹಿಂದಿನ ಶಿರಹಟ್ಟಿ ಅಕ್ಕಪಕ್ಕ ಕುಳಿತಿರುತ್ತಿದ್ದವು. ಯಾವುದು ಎಂದಿನದು ಎಂದು ತಿಳಿಯಲು ತಾರೀಖು ಬೇಕೇ ಬೇಕಾಗಿತ್ತು.

ಸುದ್ದಿ ಗಳಿಗೆಯಲ್ಲಿ ತಲುಪುವ ಕಾಲ ಬಂದ ಮೇಲೆ ತಾರೀಖು ಬಿದ್ದುಹೋಯಿತು, ಅದರ ಕೆಲಸವನ್ನು ವಾರದ ಹೆಸರು ವಹಿಸಿಕೊಂಡಿತು. ‘ಸೋಮವಾರ ನಡೆಯಿತು’, ‘ಬುಧವಾರ ಮುತ್ತಿಗೆ ಹಾಕಿದರು’ ಎಂದು ಬರೆಯುತ್ತೇವೆ. ದಿನಪತ್ರಿಕೆಯಲ್ಲಿ ‘ಇಂದು’ ಎನ್ನುವುದು ಅಪಾಯದ ಪದ. ಬರೆಯುವವನ ಇಂದು ಓದುವವನಿಗೆ ನಿನ್ನೆ. ಸುದ್ದಿಸಂಸ್ಥೆ ಪಿಟಿಐನ ಸುದ್ದಿಗಳಲ್ಲಿ ಊರಿನ ಪಕ್ಕದಲ್ಲಿ ತಿಂಗಳು, ತಾರೀಖು ಇವತ್ತಿಗೂ ಇರುತ್ತದೆ, ಆದ್ದರಿಂದ ಅಲ್ಲಿ ‘ಇಂದು’ ಎಂದಿದ್ದರೆ ಅದು ಆ ತಾರೀಖಿಗೆ ಕಟ್ಟುಬಿದ್ದಿರುತ್ತದೆ. ಅಂಥ ಸುದ್ದಿಯನ್ನು ಕನ್ನಡಕ್ಕೆ ತರುವಾಗ ತಾರೀಖನ್ನು ಕಿತ್ತರೆ ‘ಇಂದು’ ಎಂಬುದನ್ನೂ ವಾರದ ಹೆಸರಿಗೆ ಬದಲಿಸಬೇಕು. ಇದು ಡೆಸ್ಕ್‌ನಲ್ಲಿ ಹೊಸಬರಿಗೆ ನಾನು ಮೊದಲು ಹೇಳಿಕೊಡುವ ಪಾಠ.

ಕನ್ನಡ ವರದಿಯಲ್ಲಿ ಡೇಟ್‌ಲೈನ್‌ಗೆ ಇನ್ನೂ ಒಂದು ದೊಡ್ಡ ಹೊಣೆಯಿದೆ. ನಮ್ಮ ಇಂಟ್ರೊಗಳು, ಅಂದರೆ ಸುದ್ದಿಯ ಮೊದಲ ವಾಕ್ಯಗಳು, ‘ಇಲ್ಲಿನ’ ಎಂದು ಶುರುವಾಗುವುದು ವಾಡಿಕೆ. ‘ಇಲ್ಲಿನ ಪುರಸಭೆಯ ಸಾಮಾನ್ಯ ಸಭೆಯಲ್ಲಿ’, ‘ಇಲ್ಲಿನ ಎಪಿಎಂಸಿ ಆವರಣದಲ್ಲಿ’. ಈ ‘ಇಲ್ಲಿ’ ಯಾವುದು? ಡೇಟ್‌ಲೈನ್‌ನಲ್ಲಿರುವ ಊರು. ಡೆಸ್ಕ್‌ನಲ್ಲಿ ಯಾರೋ ಪುಟ ಕಟ್ಟುವ ಅವಸರದಲ್ಲಿ ‘ಲಕ್ಷ್ಮೇಶ್ವರ:’ ತೆಗೆದು ‘ಗದಗ:’ ಎಂದು ಮಾಡಿದರೆ ಲಕ್ಷ್ಮೇಶ್ವರದ ಬಸ್ ನಿಲ್ದಾಣ, ಕೆರೆ, ಸೋಮೇಶ್ವರ ದೇವಾಲಯ ಎಲ್ಲವೂ ಒಂದೇ ಏಟಿಗೆ ಗದಗಕ್ಕೆ ಬಂದು ನಿಲ್ಲುತ್ತವೆ. ‘ತಾಲ್ಲೂಕಿನ’, ‘ನಗರದ’, ‘ಪಟ್ಟಣದ’ ಎಂಬ ಪದಗಳದ್ದೂ ಇದೇ ಕಥೆ. ‘ಹುಬ್ಬಳ್ಳಿ:’ ಎಂದು ಹಾಕಿ ‘ತಾಲ್ಲೂಕಿನ ಲಕ್ಕುಂಡಿಯಲ್ಲಿ’ ಎಂದು ಬರೆದರೆ ಗದಗ ತಾಲ್ಲೂಕಿನ ಲಕ್ಕುಂಡಿ ಹುಬ್ಬಳ್ಳಿ ತಾಲ್ಲೂಕಿಗೆ ಸೇರುತ್ತದೆ. ಹಾಗಾಗಿ ಊರಿನ ಹೆಸರು ಬದಲಿಸುವವರು ಇಡೀ ವರದಿಯನ್ನು ಮತ್ತೊಮ್ಮೆ ಓದಲೇಬೇಕು. ನಾನು ಪುಟದ ಪ್ರೂಫ್ ಹಿಡಿದಾಗ ಮೊದಲು ಡೇಟ್‌ಲೈನ್‌ಗೆ ಗುರುತು ಹಾಕಿ, ಆಮೇಲೆ ‘ಇಲ್ಲಿನ’, ‘ನಗರದ’, ‘ತಾಲ್ಲೂಕಿನ’ ಎಂಬ ಪದಗಳನ್ನು ಹುಡುಕಿ ಅದಕ್ಕೆ ತಾಳೆ ನೋಡುತ್ತೇನೆ.

ಕ್ರಿಯಾಪದಕ್ಕೂ ಇದು ಅನ್ವಯಿಸುತ್ತದೆ. ಮುಖ್ಯಮಂತ್ರಿ ರಾಣೆಬೆನ್ನೂರಿಗೆ ‘ಬರಲಿದ್ದಾರೆ’ ಎಂದು ಬರೆಯಬೇಕಾದರೆ ಡೇಟ್‌ಲೈನ್ ರಾಣೆಬೆನ್ನೂರೋ ಹಾವೇರಿಯೋ ಆಗಿರಬೇಕು. ಡೇಟ್‌ಲೈನ್ ಬೆಂಗಳೂರು ಆಗಿದ್ದರೆ ಅವರು ‘ತೆರಳಲಿದ್ದಾರೆ’. ಸುದ್ದಿಯನ್ನು ಯಾವ ಊರಿನಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದನ್ನು ಆ ಒಂದು ಪದ ತೀರ್ಮಾನಿಸಿರುತ್ತದೆ.

ಒಂದೇ ಹೆಸರಿನ ಊರುಗಳ ಸಮಸ್ಯೆ ನಮ್ಮ ಭಾಗದಲ್ಲಿ ಬಹಳ. ನನಗೆ ಹತ್ತಿರದ ಉದಾಹರಣೆ ಕೊಣ್ಣೂರು. ನರಗುಂದ ತಾಲ್ಲೂಕಿನ ಕೊಣ್ಣೂರು ಮಲಪ್ರಭೆಯ ದಂಡೆಯಲ್ಲಿ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನಲ್ಲೂ ಒಂದು ಕೊಣ್ಣೂರು ಇದೆ, ಅದು ಘಟಪ್ರಭೆಯ ಕಡೆಯದು, ಗೋಕಾಕ ಜಲಪಾತಕ್ಕೆ ಹತ್ತಿರ. 2019ರ ಆಗಸ್ಟ್‌ನಲ್ಲಿ ಎರಡೂ ನದಿಗಳು ಉಕ್ಕಿದವು. ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ನಮ್ಮ ಕೊಣ್ಣೂರಿಗೆ ನುಗ್ಗಿತು, ಘಟಪ್ರಭೆಯ ನೀರು ಗೋಕಾಕಕ್ಕೆ ನುಗ್ಗಿತು. ಆ ದಿನಗಳಲ್ಲಿ ರಾಜ್ಯ ಪುಟದಲ್ಲಿ ಬರಿದೆ ‘ಕೊಣ್ಣೂರು:’ ಎಂದು ಹಾಕಿದರೆ ಏನಾಗುತ್ತದೆ ಎಂದು ಯೋಚಿಸಿ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದವರು, ಗೋವಾದಲ್ಲಿ ದುಡಿಯುವವರು ತಮ್ಮ ಮನೆಯವರು ಯಾವ ನೀರಿನಲ್ಲಿ ಸಿಕ್ಕಿದ್ದಾರೆ ಎಂದು ತಿಳಿಯಲು ಪತ್ರಿಕೆ ಬಿಡಿಸುತ್ತಾರೆ. ಅವರಿಗೆ ಆವರಣ ಚಿಹ್ನೆಯೊಳಗಿನ ‘ಗದಗ ಜಿಲ್ಲೆ’ ಎಂಬ ಎರಡು ಪದ ಎಷ್ಟು ಮುಖ್ಯ! ‘ಜಾಗ ಸಾಲುವುದಿಲ್ಲ, ಆವರಣ ತೆಗೆಯುತ್ತೇನೆ’ ಎಂದ ಪುಟ ವಿನ್ಯಾಸಕರಿಗೆ ನಾನು, ‘ಕೊನೆಯ ಪ್ಯಾರಾ ತೆಗೆಯಿರಿ, ಜಿಲ್ಲೆಯ ಹೆಸರು ಮುಟ್ಟಬೇಡಿ’ ಎಂದಿದ್ದೆ. ಅವರು ಒಪ್ಪಿದರು.

ಆವರಣದ ನಿಯಮ ಸರಳ. ಜಿಲ್ಲಾ ಕೇಂದ್ರಕ್ಕೆ ಆವರಣ ಬೇಡ. ಉಳಿದ ಊರುಗಳಿಗೆ ರಾಜ್ಯ ಪುಟದಲ್ಲಿ ಜಿಲ್ಲೆಯ ಹೆಸರು ಬೇಕು, ಜಿಲ್ಲಾ ಪುಟದಲ್ಲಿ ಬೇಡ, ಏಕೆಂದರೆ ಅಲ್ಲಿ ಪುಟದ ನೆತ್ತಿಯ ಮೇಲೇ ಜಿಲ್ಲೆಯ ಹೆಸರಿರುತ್ತದೆ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಬೇರೆಯಾದಾಗ ಈ ಆವರಣಗಳೆಲ್ಲ ಹೊಸದಾಗಿ ಬರೆಯಲ್ಪಟ್ಟವು. ರೋಣ, ಮುಂಡರಗಿ, ಸವಣೂರು, ಹಿರೇಕೆರೂರುಗಳ ಮುಂದೆ ಧಾರವಾಡ ಹೋಗಿ ಬೇರೆ ಹೆಸರು ಬಂತು. ಗದಗ, ಹಾವೇರಿಗಳ ಮುಂದೆ ಆವರಣವೇ ಹೋಯಿತು. ಜಿಲ್ಲೆಗಾಗಿ ಹೋರಾಡಿದ ಹಿರಿಯರೊಬ್ಬರು ಅದನ್ನು ಬೆರಳಿಟ್ಟು ತೋರಿಸಿ ಸಂತೋಷಪಟ್ಟಿದ್ದು ನನಗೆ ಗೊತ್ತಿದೆ.

ಹುಬ್ಬಳ್ಳಿ–ಧಾರವಾಡದ್ದು ಬೇರೆಯೇ ಪಂಚಾಯಿತಿ. ಸುಮಾರು 20 ಕಿ.ಮೀ. ಅಂತರದ ಎರಡು ನಗರಗಳಿಗೆ 1962ರಿಂದ ಒಂದೇ ಮಹಾನಗರ ಪಾಲಿಕೆ ಎಂದು ನಡೆದುಬಂತು. ಜಿಲ್ಲಾಧಿಕಾರಿ ಕಚೇರಿ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ ಧಾರವಾಡಕ್ಕೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ವಿಮಾನ ನಿಲ್ದಾಣ, ದೊಡ್ಡ ವ್ಯಾಪಾರ ಹುಬ್ಬಳ್ಳಿಗೆ. ನಡುವಿನ ನವನಗರ, ರಾಯಾಪುರ, ಸತ್ತೂರುಗಳಲ್ಲಿ ಏನಾದರೂ ನಡೆದರೆ ಯಾವ ಹೆಸರು ಹಾಕಬೇಕು? ‘ಹುಬ್ಬಳ್ಳಿ–ಧಾರವಾಡ:’ ಎಂದು ಜೋಡಿಸಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಯಾರೂ ಏಕಕಾಲಕ್ಕೆ ಎರಡೂ ಊರಿನಲ್ಲಿ ನಿಂತಿರುವುದಿಲ್ಲ. ನಾನು ಪಾಲಿಸುವ ಕ್ರಮ ಹೀಗಿದೆ. ನವನಗರ, ಅಮರಗೋಳ ಎಂದರೆ ಹುಬ್ಬಳ್ಳಿ, ಸತ್ತೂರು ಎಂದರೆ ಧಾರವಾಡ. ಪಾಲಿಕೆಯ ಸಭೆ ಹುಬ್ಬಳ್ಳಿಯಲ್ಲಿ ನಡೆದರೆ ಹುಬ್ಬಳ್ಳಿ, ಧಾರವಾಡದಲ್ಲಿ ನಡೆದರೆ ಧಾರವಾಡ, ಚರ್ಚೆಯಾದದ್ದು ಯಾವ ಬಡಾವಣೆಯ ಒಳಚರಂಡಿಯೇ ಆಗಿರಲಿ. ಎರಡೂ ನಗರಗಳ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯಲ್ಲಿ ಅಪಘಾತವಾದರೆ ಹತ್ತಿರದ ನಿಲ್ದಾಣದ ಹೆಸರನ್ನು ಮೊದಲ ವಾಕ್ಯದಲ್ಲೇ ಹೇಳಬೇಕು. ಧಾರವಾಡದ ಓದುಗರು ಈ ವಿಷಯದಲ್ಲಿ ಬಹಳ ಸೂಕ್ಷ್ಮ. ತಮ್ಮೂರಿನಲ್ಲಿ ನಡೆದ ಸಾಹಿತ್ಯ ಕಾರ್ಯಕ್ರಮಕ್ಕೆ ಹುಬ್ಬಳ್ಳಿಯ ಹೆಸರು ಬಿದ್ದರೆ ಬೆಳಿಗ್ಗೆಯೇ ಕಚೇರಿಗೆ ಫೋನ್ ಬರುತ್ತದೆ. ಅವರ ಸಿಟ್ಟು ನ್ಯಾಯವಾದದ್ದು.

ಮಾರುಕಟ್ಟೆ ಸುದ್ದಿಗಳಲ್ಲಿ ಊರಿನ ಹೆಸರಿಗೆ ದುಡ್ಡಿನ ಬೆಲೆಯೇ ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಡಬ್ಬಿ, ಕಡ್ಡಿ, ಗುಂಟೂರು ಎಂದು ತಳಿಗೊಂದು ದರ. ಅದೇ ದಿನ ಗದಗ ಅಥವಾ ಹುಬ್ಬಳ್ಳಿ ಎಪಿಎಂಸಿಯ ದರ ಬೇರೆ ಇರಬಹುದು. ಕುಂದಗೋಳದ ರೈತ ಮನೆಯ ಅಟ್ಟದಲ್ಲಿ ಚೀಲ ಇಟ್ಟುಕೊಂಡು ಯಾವ ಊರಿಗೆ ಗಾಡಿ ಕಟ್ಟಬೇಕೆಂದು ನಮ್ಮ ಸುದ್ದಿ ನೋಡಿ ಯೋಚಿಸುತ್ತಾನೆ. ‘ಇಲ್ಲಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಏರಿದೆ’ ಎಂಬ ವಾಕ್ಯದ ಮುಂದೆ ತಪ್ಪು ಊರು ನಿಂತರೆ ಟೆಂಪೊ ಬಾಡಿಗೆ ಕೊಟ್ಟು ತಪ್ಪು ಮಾರುಕಟ್ಟೆಗೆ ಹೋಗುವವನು ಅವನು. 2024ರ ಮಾರ್ಚ್‌ನಲ್ಲಿ ದರ ಕುಸಿತದಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ದರದ ಒಂದು ಸಾಲು ಎಷ್ಟು ಬಿಸಿ ಇರುತ್ತದೆ ಎಂದು ತಿಳಿಯಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಘಟನೆ ಒಂದು ಕಡೆ ನಡೆದು ಮಾಹಿತಿ ಇನ್ನೊಂದು ಕಡೆ ಸಿಕ್ಕರೆ? ತಡಸದ ಬಳಿ ಹೆದ್ದಾರಿಯಲ್ಲಿ ಲಾರಿ, ಕಾರು ಡಿಕ್ಕಿಯಾಗುತ್ತವೆ ಎಂದುಕೊಳ್ಳಿ. ತಡಸ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿಗೆ ಸೇರಿದ್ದು, ಆದರೆ ಹಾವೇರಿಗಿಂತ ಹುಬ್ಬಳ್ಳಿಗೇ ಹತ್ತಿರ. ಪ್ರಕರಣ ದಾಖಲಾಗುವುದು ತಡಸ ಠಾಣೆಯಲ್ಲಿ, ಗಾಯಾಳುಗಳು ಬರುವುದು ಹುಬ್ಬಳ್ಳಿಯ ಆಸ್ಪತ್ರೆಗೆ. ನಮ್ಮ ಶಿಗ್ಗಾವಿಯ ವರದಿಗಾರ ಸ್ಥಳಕ್ಕೆ ಹೋಗಿ ಬರೆದಿದ್ದರೆ ‘ತಡಸ (ಹಾವೇರಿ ಜಿಲ್ಲೆ):’. ಯಾರೂ ಹೋಗದೆ, ಆಸ್ಪತ್ರೆಯ ವೈದ್ಯರು ಮತ್ತು ಗಾಯಾಳುಗಳ ಸಂಬಂಧಿಕರಿಂದ ಹುಬ್ಬಳ್ಳಿಯ ವರದಿಗಾರ ಮಾಹಿತಿ ಪಡೆದಿದ್ದರೆ ‘ಹುಬ್ಬಳ್ಳಿ:’, ಮತ್ತು ಅಪಘಾತ ನಡೆದ ಜಾಗ ಮೊದಲ ವಾಕ್ಯದಲ್ಲೇ ಬರಬೇಕು. ನ್ಯಾಯಾಲಯದ ಸುದ್ದಿಯಲ್ಲಿ ಗೊಂದಲವಿಲ್ಲ. ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಪೀಠವಾಯಿತು. ಕಾರವಾರದ ಜಮೀನಿನ ವ್ಯಾಜ್ಯವಾದರೂ ತೀರ್ಪು ಅಲ್ಲಿ ಬಂದರೆ ‘ಧಾರವಾಡ:’ ಎಂದೇ ಬರೆಯಬೇಕು.

ಮಹದಾಯಿ ತೀರ್ಪಿನ ದಿನ ಈ ಭೇದ ಬಹಳ ಉಪಯೋಗಕ್ಕೆ ಬಂತು. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. ತೀರ್ಪು ಬಂದದ್ದು ದೆಹಲಿಯಲ್ಲಿ, 2015ರ ಜುಲೈನಿಂದ ಧರಣಿ ಕುಳಿತವರು ಇದ್ದದ್ದು ನರಗುಂದದಲ್ಲಿ. ಎರಡನ್ನೂ ಬೆಸೆದು ಒಂದೇ ಸುದ್ದಿ ಮಾಡಬಹುದಿತ್ತು. ಹಾಗೆ ಮಾಡಿದರೆ ರೈತರ ಮಾತು ತೀರ್ಪಿನ ಬಾಲವಾಗಿಬಿಡುತ್ತದೆ. ‘ನವದೆಹಲಿ:’ ಎಂದು ಅಂಕಿ ಅಂಶಗಳ ಒಂದು ಸುದ್ದಿ, ‘ನರಗುಂದ (ಗದಗ ಜಿಲ್ಲೆ):’ ಎಂದು ಧರಣಿ ಚಪ್ಪರದ ಒಂದು ಸುದ್ದಿ ಇರಬೇಕೆಂಬುದು ನನ್ನ ಹಟ. ಕೇಳಿದ್ದಕ್ಕಿಂತ ಕಡಿಮೆ ನೀರು ಸಿಕ್ಕವರಿಗೆ ಹೇಗನ್ನಿಸಿತು ಎಂಬುದನ್ನು ಬಲ್ಲವನು ಅಲ್ಲಿ ಕುಳಿತಿದ್ದ ವರದಿಗಾರ ಮಾತ್ರ.

ಹೋಗದ ಊರಿನ ಹೆಸರು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ಬಲ್ಲ ಉದಾಹರಣೆ ಅಮೆರಿಕದ್ದು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರ ಜೇಸನ್ ಬ್ಲೇರ್, ಇರಾಕ್ ಯುದ್ಧದಲ್ಲಿ ಸೆರೆಸಿಕ್ಕ ಸೈನಿಕೆ ಜೆಸ್ಸಿಕಾ ಲಿಂಚ್ ಅವರ ಊರಾದ ವೆಸ್ಟ್ ವರ್ಜೀನಿಯಾದ ಪ್ಯಾಲೆಸ್ಟೀನ್‌ನಿಂದ ಬರೆದಂತೆ ವರದಿ ಕೊಟ್ಟರು. ಮನೆಯ ಜಗಲಿಯಿಂದ ತಂಬಾಕಿನ ಹೊಲ, ದನ ಮೇಯುವ ಬಯಲು ಕಾಣುತ್ತದೆ ಎಂದೂ ವರ್ಣಿಸಿದರು. ಆ ಮನೆಯಿಂದ ಅಂಥದ್ದೇನೂ ಕಾಣುತ್ತಿರಲಿಲ್ಲ. ಆತ ತಮ್ಮೊಂದಿಗೆ ಮಾತನಾಡಿದ ನೆನಪೂ ಮನೆಯವರಿಗಿರಲಿಲ್ಲ. ಇಂಥ ಇನ್ನೂ ಹಲವು ವರದಿಗಳು ಬಯಲಾಗಿ, 2003ರ ಮೇ ತಿಂಗಳಲ್ಲಿ ಬ್ಲೇರ್ ರಾಜೀನಾಮೆ ಕೊಟ್ಟರು. ಪತ್ರಿಕೆ ಮೇ 11ರಂದು 7,000ಕ್ಕೂ ಹೆಚ್ಚು ಪದಗಳ ವಿವರಣೆಯನ್ನು ಮುಖಪುಟದಿಂದ ಶುರುಮಾಡಿ ಪ್ರಕಟಿಸಿತು. ಜೂನ್‌ನಲ್ಲಿ ಅದರ ಇಬ್ಬರು ಉನ್ನತ ಸಂಪಾದಕರೂ ಹುದ್ದೆ ಬಿಟ್ಟರು. ನಮ್ಮ ಕಡೆಯ ಯಾವ ಹಳ್ಳಿಯವರಿಗೂ ಇಂಥ ಸುಳ್ಳು ಹಿಡಿಯಲು ಎರಡು ನಿಮಿಷ ಸಾಕು. ಹನುಮಪ್ಪನ ಗುಡಿ ಊರಿನ ಯಾವ ದಿಕ್ಕಿಗಿದೆ ಎಂದು ತಪ್ಪು ಬರೆದು ನೋಡಿ! ಮರುದಿನ ಬಸ್ ನಿಲ್ದಾಣದಲ್ಲೇ ಕೇಳುತ್ತಾರೆ, ‘ಸಾಹೇಬರೇ, ನೀವು ನಮ್ಮೂರಿಗೆ ಬಂದಿದ್ದಿರೇನು?’

ಇವತ್ತು ಆಮಿಷ ಹೆಚ್ಚು. ಪೊಲೀಸ್ ಪ್ರಕಟಣೆ, ವಿಡಿಯೊ, ಶಾಸಕರ ಹೇಳಿಕೆ ಎಲ್ಲವೂ ಮೊಬೈಲ್‌ಗೆ ಬರುತ್ತವೆ. ಹುಬ್ಬಳ್ಳಿಯ ಕಚೇರಿಯಲ್ಲಿ ಕುಳಿತೇ ಗಜೇಂದ್ರಗಡದ ಸುದ್ದಿ ಬರೆದುಬಿಡಬಹುದು. ಬರೆಯಲಿ, ಅದರಲ್ಲಿ ತಪ್ಪಿಲ್ಲ. ಊರಿನ ಹೆಸರು ಹಾಕುವಾಗ ಮಾತ್ರ ಬಿಗಿಯಾಗಿರಬೇಕು. ನಾನು ವರದಿಗಾರರಿಗೆ ಫೋನ್ ಮಾಡಿದಾಗ ಮೊದಲು ಕೇಳುವುದು, ಸ್ಥಳಕ್ಕೆ ಯಾರು ಹೋಗಿದ್ದರು, ಯಾರ ಜೊತೆ ಮುಖತಃ ಮಾತನಾಡಿದರು ಎಂದು. ಅಲ್ಲಿನ ನಮ್ಮ ಬಿಡಿ ಸುದ್ದಿಗಾರ ಹೋಗಿದ್ದರೆ ಆ ಊರಿನ ಹೆಸರು ನ್ಯಾಯವಾಗಿಯೇ ಬರುತ್ತದೆ, ಆದರೆ ಬರೆದವರ ಹೆಸರು ಹಾಕುವ ಬೈಲೈನ್‌ನಲ್ಲಿ ಹುಬ್ಬಳ್ಳಿಯವರ ಹೆಸರಿದ್ದರೆ ಸ್ಥಳಕ್ಕೆ ಹೋದ ಆ ಸುದ್ದಿಗಾರನ ಹೆಸರನ್ನೂ ಕೊನೆಯಲ್ಲಾದರೂ ಸೇರಿಸುತ್ತೇನೆ. ಯಾರೂ ಹೋಗಿರದಿದ್ದರೆ ನಾವು ಕುಳಿತ ಊರನ್ನೇ ಹಾಕಿ, ‘ಪೊಲೀಸ್ ಪ್ರಕಟಣೆ ತಿಳಿಸಿದೆ’, ‘ದೂರವಾಣಿಯಲ್ಲಿ ಹೇಳಿದರು’ ಎಂದು ತೆರೆದು ಬರೆಯುತ್ತೇನೆ. ಓದುಗರು ಇದನ್ನು ಕಡಿಮೆ ಎಂದು ತಿಳಿಯುವುದಿಲ್ಲ. ಅರೆಗಳಿಗೆ ಊರಿಗೆ ಕಾಲಿಟ್ಟು, ಹೆಸರು ಗಿಟ್ಟಿಸಿಕೊಂಡು ವಾಪಸಾಗುವುದು ಮತ್ತೊಂದು ಕೆಟ್ಟ ಅಭ್ಯಾಸ. ಅಮೆರಿಕದ ಪತ್ರಕರ್ತರು ಇದಕ್ಕೆ ‘ಟೋ-ಟಚ್’ ಎಂದೇ ಹೆಸರಿಟ್ಟಿದ್ದಾರೆ. ದಿನವಿಡೀ ಅಲೆದ ಸ್ಥಳೀಯನ ಶ್ರಮದ ಮೇಲೆ ಹೊರಗಿನಿಂದ ಬಂದವನ ಹೆಸರು ಕೂರುವುದು ಇದರ ಫಲ.

ತಿರುಗಿಸಿಯೂ ಅನ್ಯಾಯವಾಗುತ್ತದೆ. ಸ್ಥಳಕ್ಕೆ ಹೋದವನ ಊರನ್ನು ಡೆಸ್ಕ್ ಕಿತ್ತುಹಾಕುವುದು ಅದು. ಪ್ರವಾಹದ ದಿನಗಳಲ್ಲಿ ಜಿಲ್ಲೆಯ ನಾಲ್ಕಾರು ಕಡೆಯ ಸುದ್ದಿ ಸೇರಿಸಿ ‘ಗದಗ:’ ಎಂದು ಹಾಕಿಬಿಡುವುದು ಡೆಸ್ಕ್‌ಗೆ ಸುಲಭ. ಹಾಗೆ ಸೇರಿಸಲು ಹೊರಟಾಗ ಒಬ್ಬ ಯುವ ವರದಿಗಾರ ಫೋನಿನಲ್ಲಿ ಹೇಳಿದ, ‘ಸರ್, ಮೊಣಕಾಲುದ್ದ ನೀರಿನಲ್ಲಿ ನಿಂತು ಬರೆದಿದ್ದೇನೆ. ಊರಿನ ಹೆಸರು ಬದಲಿಸಬೇಡಿ.’ ಅವನ ಸುದ್ದಿಯನ್ನು ಬೇರೆ ಮಾಡಿ, ಊರಿನ ಹೆಸರಿನೊಂದಿಗೇ ಬಾಕ್ಸ್‌ನಲ್ಲಿ ಹಾಕಿಸಿದೆ. ಹಲವು ಊರುಗಳ ಮಾಹಿತಿ ನಿಜವಾಗಿಯೂ ಒಂದಾಗಿ ಹೆಣೆದುಕೊಂಡಿದ್ದರೆ ಡೇಟ್‌ಲೈನ್ ಇಲ್ಲದೆ ಬಿಡುವುದೇ ಮೇಲು. ಸಂಪಾದಕೀಯಕ್ಕೂ ಅಂಕಣಗಳಿಗೂ ಅದು ಹೇಗೂ ಬೇಕಿಲ್ಲ.

ಈಚೆಗೆ ನಾನು ಗಮನ ಕೊಡುತ್ತಿರುವುದು ಮೊಬೈಲ್‌ನಲ್ಲಿ ಓದುವವರಿಗೆ. ಗದಗ ಜಿಲ್ಲಾ ಪುಟಕ್ಕೆಂದು ಬರೆದ ‘ಕೊಣ್ಣೂರು:’ ಅಚ್ಚಿನಲ್ಲಿ ಸರಿಯಾಗಿಯೇ ಇರುತ್ತದೆ, ನೆತ್ತಿಯ ಮೇಲಿನ ಜಿಲ್ಲೆಯ ಹೆಸರು ಅದಕ್ಕೆ ಆಸರೆ. ಅದೇ ಸುದ್ದಿ ಫೋನಿಗೆ ಹೋದಾಗ ಪುಟವೂ ಇಲ್ಲ, ನೆತ್ತಿಯೂ ಇಲ್ಲ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಒಂಟಿ ಸುದ್ದಿ ಒಂಟಿಯಾಗಿಯೇ ಓಡಾಡುತ್ತದೆ. ‘ಸೋಮವಾರ’ ಎಂದರೆ ಯಾವ ಸೋಮವಾರ ಎಂದೂ ತಿಳಿಯುವುದಿಲ್ಲ. ನಾವು ಬಿಟ್ಟುಕೊಟ್ಟ ತಾರೀಖು ಮತ್ತೆ ಬೇಕಾಗಿರುವುದು ಇಲ್ಲಿ. ಹಾಗಾಗಿ ಅಂತರ್ಜಾಲಕ್ಕೆ ಹೋಗುವ ಪ್ರತಿಯಲ್ಲಿ ಜಿಲ್ಲೆಯ ಹೆಸರಿನ ಆವರಣವನ್ನು ಮರಳಿ ಹಾಕುತ್ತೇನೆ, ಮೊದಲ ವಾಕ್ಯದಲ್ಲಿ ವಾರದ ಜೊತೆಗೆ ತಾರೀಖನ್ನೂ ಬರೆಯುತ್ತೇನೆ. ಸದ್ಯ ನಮ್ಮ ಡೆಸ್ಕ್‌ನಲ್ಲಿ ಇದನ್ನು ಕೈಯಿಂದಲೇ ಮಾಡುತ್ತಿದ್ದೇವೆ, ಪ್ರತಿ ಸುದ್ದಿಗೂ.